ಶಿಕ್ಷಕಿಯಾಗಿದ್ದ ಅಜ್ಜಿಯ ಬಗ್ಗೆ ನೆನಪಿನ ಪುಸ್ತಿಕೆ: ದಾಖಲೆ ಎಲ್ಲಿ ಸಿಗುತ್ತದೆ, ಏನು ಬರೆಸಬೇಕು, ಹೇಗೆ ಅಚ್ಚು ಹಾಕಿಸಬೇಕು?

ಹಾವೇರಿ ಮೊಮ್ಮಗಳು:

ಸರ್ಕಾರಿ ಕನ್ನಡ ಶಾಲೆಗಳಲ್ಲಿ 1964ರಿಂದ 2001ರವರೆಗೆ ಪಾಠ ಹೇಳಿದ ಅಜ್ಜಿಯ ಬಗ್ಗೆ ಪುಸ್ತಿಕೆ ತರಬೇಕಿದೆ. ವರ್ಷದ ಪುಣ್ಯತಿಥಿಗೆ ಇನ್ನೂ ಹತ್ತು ತಿಂಗಳಿದೆ. 64 ಪುಟ, 300 ಪ್ರತಿ ಎಂಬ ಅಂದಾಜು. ಸದ್ಯ ಕೈಯಲ್ಲಿರುವುದು ಪಿಂಚಣಿ ಪುಸ್ತಕ, ಜಾತಕದ ಚೀಟಿ, ನಲವತ್ತರಷ್ಟು ಹಳೇ ಫೋಟೊ, ಹಾಡು ಮತ್ತು ಅಡುಗೆ ಬರೆದಿಟ್ಟ ಎರಡು ವಹಿ, ವಾಟ್ಸಾಪಿನಲ್ಲಿ ಉಳಿದ ಧ್ವನಿ. ಕೆಲಸ ಮಾಡಿದ ಊರುಗಳ ಪೂರ್ತಿ ಪಟ್ಟಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜನ್ಮದಿನವೂ ಎರಡಿವೆ: ಪಿಂಚಣಿ ಪುಸ್ತಕದಲ್ಲಿ 1-6-1943, ಜಾತಕದಲ್ಲಿ ಪಾರ್ಥಿವ ಸಂವತ್ಸರ, ಮಾಘ ಮಾಸ, ಸೋಮವಾರ ರಾತ್ರಿ ಮೂರು ಗಂಟೆ. ಎಲ್ಲಿಂದ ಶುರು ಮಾಡುವುದು?

ಹಾಜರಿ ಪುಸ್ತಕ:

ಪಿಂಚಣಿ ಪುಸ್ತಕದಿಂದಲೇ ಶುರು ಮಾಡಿ. ಖಜಾನೆಗೋ ಬ್ಯಾಂಕಿಗೋ ಅದನ್ನು ಒಪ್ಪಿಸುವ ಮೊದಲು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಪದನಾಮ, ನಿವೃತ್ತಿ ದಿನ, ಕೊನೆಯ ಸಂಬಳ ಇರುತ್ತದೆ. ಒಂದು ಎಚ್ಚರ: ‘ಅರ್ಹತಾ ಸೇವೆ 33 ವರ್ಷ’ ಎಂದಿದ್ದರೆ ಅದನ್ನೇ ಒಟ್ಟು ಸೇವೆ ಎಂದು ಬರೆಯಬೇಡಿ. ಪೂರ್ತಿ ಪಿಂಚಣಿಯ ಲೆಕ್ಕಕ್ಕೆ ಆಗ 33 ವರ್ಷವೇ ಗರಿಷ್ಠ. 1964ರಿಂದ 2001ಕ್ಕೆ ಸುಮಾರು 37 ವರ್ಷ ಆಗುತ್ತದೆ. ಎಷ್ಟೋ ಶ್ರದ್ಧಾಂಜಲಿ ಬರಹಗಳಲ್ಲಿ ‘33 ವರ್ಷ ಸೇವೆ’ ಎಂದು ಬರುವುದು ಈ ಸಾಲನ್ನು ನೋಡಿಯೇ.

ಊರುಗಳ ಪಟ್ಟಿ ಸಿಗುವುದು ಸೇವಾ ಪುಸ್ತಕದಲ್ಲಿ. ನೇಮಕಾತಿ ಆದೇಶದ ಸಂಖ್ಯೆ, ವರ್ಗಾವಣೆ, ತರಬೇತಿಗೆ ಹೋದ ಅವಧಿ, ವೇತನ ಬಡ್ತಿ, ಹೆರಿಗೆ ರಜೆ ಎಲ್ಲವೂ ತಾರೀಕು ಸಮೇತ ಇರುತ್ತವೆ. ಪ್ರಾಥಮಿಕ ಶಾಲೆಯವರದ್ದಾದರೆ ಕೊನೆಗೆ ಕೆಲಸ ಮಾಡಿದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ಪಿಂಚಣಿ ಕಾಗದದ ಜೊತೆ ಮಹಾಲೇಖಪಾಲರ ಕಚೇರಿಗೆ ಹೋಗಿ ವಾಪಸು ಬಂದಿರುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ ‘ಹುಡುಕಬೇಕು’ ಎಂಬ ಉತ್ತರವೇ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಕೊಡಿ: ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಬೇರೆಯವರ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕದಂತೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರರೆಂಬ ದಾಖಲೆ ಲಗತ್ತಿಸಿ. ಅರ್ಜಿ ಹಾಕುವವರು ಮೊಮ್ಮಗಳಿಗಿಂತ ಮಗ ಅಥವಾ ಮಗಳಾದರೆ ಒಳ್ಳೆಯದು.

ಅರ್ಜಿಯಲ್ಲಿ ಮದುವೆಗೆ ಮುಂಚಿನ ಹೆಸರನ್ನೂ ಬರೆಯಿರಿ. ಮದುವೆಗೆ ಮೊದಲೇ ನೌಕರಿ ಸೇರಿದವರ ಸೇವಾ ಪುಸ್ತಕದ ಮೇಲೆ ತವರಿನ ಅಡ್ಡಹೆಸರೇ ಇರುತ್ತದೆ. ಗಂಡನ ಮನೆಯ ಹೆಸರಿನಲ್ಲಿ ಹುಡುಕಿ ‘ಇಲ್ಲ’ ಎಂದುಬಿಡುತ್ತಾರೆ.

ಗದಗಿನ ಓದುಗ:

ಇದಕ್ಕೊಂದಿಷ್ಟು ಸೇರಿಸ್ತೀನ್ರಿ. ಸೇವಾ ಪುಸ್ತಕದಾಗ ಶಾಲೆ ಹೆಸರು ‘ಕ.ಹೆ.ಮ.ಶಾಲೆ ನಂ. 2’ ಅಂತ ಇರ್ತದ. ಕನ್ನಡ ಹೆಣ್ಣು ಮಕ್ಕಳ ಶಾಲೆ. ಅದೇ ಶಾಲೆ ಈಗ ಬರೇ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಆಗಿರಬಹುದು, ಇಲ್ಲಾ ಗಂಡು ಮಕ್ಕಳ ಶಾಲೆ ಜೋಡಿ ವಿಲೀನ ಆಗಿರಬಹುದು. ಊರಾಗ ಹೋಗಿ ಹಳೇ ಹೆಸರ್ಲೆ ಕೇಳ್ರಿ, ಆಮ್ಯಾಲೆ ಈಗಿನ ಶಾಲೆಯ ಯುಡೈಸ್ ಸಂಖ್ಯೆ (ಶಾಲೆಗೊಂದರಂತೆ ಸರ್ಕಾರ ಕೊಟ್ಟ ಗುರುತಿನ ನಂಬರ) ಬರಕೊಳ್ರಿ. 11 ಅಂಕಿ ಇರ್ತದ, ನಮ್ಮ ರಾಜ್ಯದ್ದು 29ರಿಂದ ಶುರು. ಪುಸ್ತಿಕೆಯಾಗ ಎರಡೂ ಹೆಸರು ಹಾಕ್ರಿ.

ಜಿಲ್ಲೆ ಹೆಸರೂ ನೋಡಿ ಬರೀರಿ. ಹಾವೇರಿ, ಗದಗ ಜಿಲ್ಲೆ ಆಗಿದ್ದು 1997ರಾಗ. ‘1975ರಲ್ಲಿ ಹಾವೇರಿ ಜಿಲ್ಲೆಗೆ ವರ್ಗ ಆದರು’ ಅಂತ ಬರದ್ರ ತಪ್ಪು, ಆವಾಗ ಅದು ಧಾರವಾಡ ಜಿಲ್ಲೆ. ಹಂಗ 1964ರಾಗ ಅವರು ಸೇರಿದ್ದು ಮೈಸೂರು ರಾಜ್ಯದ ನೌಕರಿ, ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕ. ಇನ್ನ ಅವರ ಸ್ವಂತ ಓದಿನ ಸರ್ಟಿಫಿಕೇಟ್ 1956ಕ್ಕಿಂತ ಮುಂಚಿಂದು ಇದ್ರ ಅದರ ಮ್ಯಾಲೆ ಮುಂಬೈ ರಾಜ್ಯದ ಮೊಹರು ಇರ್ತದ, ಗಾಬರಿ ಬ್ಯಾಡ.

ಪಂಚಾಂಗದವರು:

ಜನ್ಮದಿನದ ವಿಷಯ. ಪಾರ್ಥಿವ ಸಂವತ್ಸರ ಶುರುವಾದದ್ದು 1945ರ ಯುಗಾದಿಗೆ. ಆದರೆ ಮಾಘ ಬರುವುದು ಸಂವತ್ಸರದ ಕೊನೆಗೆ. ಹಾಗಾಗಿ ಇದು 1946ರ ಫೆಬ್ರುವರಿ ಸುಮಾರು, 1945 ಅಲ್ಲ. ಸಂವತ್ಸರದ ಪಟ್ಟಿ ನೋಡಿ ಇಸವಿ ಬರೆಯುವವರು ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ ತಪ್ಪದೆ ಒಂದು ವರ್ಷ ವಯಸ್ಸು ಹೆಚ್ಚಿಸಿಬಿಡುತ್ತಾರೆ. ಇನ್ನೊಂದು: ನಮ್ಮ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ‘ಸೋಮವಾರ ರಾತ್ರಿ ಮೂರು ಗಂಟೆ’ ಎಂದರೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮಂಗಳವಾರ. ಚೀಟಿಯಲ್ಲಿ ತಿಥಿ, ನಕ್ಷತ್ರ ಇರಲೇಬೇಕು. ಅವೆರಡೂ ವಾರಕ್ಕೆ ಕೂಡಿದರೆ ತಾರೀಕು ಖಚಿತವಾಗುತ್ತದೆ.

ಪುಣ್ಯತಿಥಿಯೂ ಹಾಗೆಯೇ. ಆಮಂತ್ರಣಕ್ಕೆ ಮೊದಲು ಪುರೋಹಿತರನ್ನು ಕೇಳಿ. ತಿಥಿಯ ಪ್ರಕಾರ ಮೊದಲ ವರ್ಷದ ದಿನ ತೀರಿಕೊಂಡ ತಾರೀಕಿಗಿಂತ ಸುಮಾರು 11 ದಿನ ಮುಂಚೆ ಬರುತ್ತದೆ. ನಡುವೆ ಅಧಿಕ ಮಾಸ ಬಿದ್ದರೆ ಸುಮಾರು 19 ದಿನ ತಡವಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಮುದ್ರಣದವರಿಗೆ ಕೊಡುವ ಗಡುವು ಇದರ ಮೇಲೆ ನಿಂತಿದೆ.

ಹಾಜರಿ ಪುಸ್ತಕ:

ಪಂಚಾಂಗದವರು ಹೇಳಿದ್ದು ಸರಿ. ಹಾಗಾದರೆ ದಾಖಲೆಯಲ್ಲಿ ಅಜ್ಜಿಗೆ ಎರಡು ವರ್ಷ ಎಂಟು ತಿಂಗಳು ಹೆಚ್ಚು ವಯಸ್ಸು. ಆ ಕಾಲಕ್ಕೆ ಇದು ಅಪರೂಪವಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಪುಸ್ತಿಕೆಯಲ್ಲಿ ಎರಡೂ ತಾರೀಕು ಇರಲಿ, ಯಾವುದು ಎಲ್ಲಿಯದು ಎಂಬ ಒಂದು ಸಾಲೂ ಇರಲಿ. ಇಲ್ಲದಿದ್ದರೆ ಓದುವವರು ತಾಳೆ ನೋಡಿ ‘58 ತುಂಬುವ ಮೊದಲೇ ಹೇಗೆ ನಿವೃತ್ತಿ?’ ಎಂದು ಕೇಳುತ್ತಾರೆ. ನಿವೃತ್ತಿ ವಯಸ್ಸು ಆಗ 58. 60 ಆದದ್ದು 2008ರಲ್ಲಿ. ತಿಂಗಳ 1ನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ, ಆದ್ದರಿಂದ ಪಿಂಚಣಿ ಪುಸ್ತಕದಲ್ಲಿ 31-5-2001 ಇರಬೇಕು. ನೋಡಿ ಹೇಳಿ.

ಹಾವೇರಿ ಮೊಮ್ಮಗಳು:

ಹೌದು, 31-5-2001 ಎಂದೇ ಇದೆ. ಅರ್ಹತಾ ಸೇವೆ 33 ಎಂದೂ ಇದೆ! ಮುಂದಿನ ಪ್ರಶ್ನೆ: ಹಳೇ ವಿದ್ಯಾರ್ಥಿಗಳಿಂದ ಲೇಖನ ಬರೆಸಬೇಕು. ಇಬ್ಬರು ಈಗಾಗಲೇ ಕೊಟ್ಟಿದ್ದಾರೆ, ಎರಡೂ ಒಂದೇ ಥರ ಇವೆ.

ಸುಣ್ಣದ ಕಡ್ಡಿ:

ಒಂದೇ ಥರ ಇರುತ್ತವೆ, ಯಾಕೆಂದರೆ ನೀವು ‘ಲೇಖನ’ ಕೇಳಿದಿರಿ. ಲೇಖನ ಎಂದ ಕೂಡಲೇ ಜನ ಮಮತಾಮಯಿ, ಸರಳ ಜೀವಿ, ಅಜಾತಶತ್ರು ಎಂದು ಶುರು ಹಚ್ಚುತ್ತಾರೆ. ಆ ಮೂರು ಪದ ಹೊಡೆದುಹಾಕಿದರೆ ಎಷ್ಟೋ ಸಂಸ್ಮರಣ ಗ್ರಂಥಗಳಲ್ಲಿ ಹೆಸರು ಬಿಟ್ಟು ಏನೂ ಉಳಿಯುವುದಿಲ್ಲ. ಲೇಖನ ಕೇಳಬೇಡಿ, ಫೋನ್ ಮಾಡಿ ಪ್ರಶ್ನೆ ಕೇಳಿ, ಧ್ವನಿ ಮುದ್ರಿಸಿಕೊಂಡು ನೀವೇ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿಹೇಳಿ ಒಪ್ಪಿಗೆ ಪಡೆಯಿರಿ.

ಪ್ರಶ್ನೆ ಕೈಗೆ ಸಿಗುವಂತಿರಬೇಕು. ಒಂದನೇ ತರಗತಿಗೆ ಅಕ್ಷರ ಕಲಿಸಿದ್ದು ಅ-ಆ-ಇ-ಈ ಎಂದೋ, ರ-ಗ-ಸ-ದ-ಅ ಎಂದೋ? ಒತ್ತಕ್ಷರ ತಪ್ಪಿದರೆ ಏನು ಮಾಡಿಸುತ್ತಿದ್ದರು? ಮಗ್ಗಿ ಬೆಳಿಗ್ಗೆಯೋ ಸಂಜೆ ಬಿಡುವ ಮುಂಚೆಯೋ? 20ರವರೆಗೋ 30ರವರೆಗೋ? ಪಾವಕಿ, ದೀಡಕಿ (ಕಾಲು, ಒಂದೂವರೆಯ ಮಗ್ಗಿ) ಹೇಳಿಸುತ್ತಿದ್ದರೇ? ಉಕ್ತಲೇಖನ ವಾರಕ್ಕೆಷ್ಟು ಸಲ? ಕರಿಹಲಗೆಗೆ ಇದ್ದಿಲು ಮತ್ತು ಸೊಪ್ಪು ಅರೆದು ಹಚ್ಚುವ ಪಾಳಿ ಯಾರದ್ದು? ಒಬ್ಬರೇ ನಾಲ್ಕು ತರಗತಿ ನೋಡಿಕೊಳ್ಳುವ ಶಾಲೆಯಾಗಿದ್ದರೆ ಒಂದನೇ ತರಗತಿಗೆ ಪಾಠ ನಡೆಯುವಾಗ ನಾಲ್ಕನೆಯವರು ಏನು ಮಾಡುತ್ತಿದ್ದರು? ಈ ಕೊನೆಯದನ್ನು ಬಿಡಬೇಡಿ. ಏಕೋಪಾಧ್ಯಾಯ ಶಾಲೆಯ ಕಸುಬೆಲ್ಲ ಅದರಲ್ಲೇ ಇದೆ. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ತಿದ್ದಿಸುವುದು, ಒಂದು ಸಾಲಿಗೆ ಬಾಯಿಲೆಕ್ಕ ಕೊಟ್ಟು ಇನ್ನೊಂದಕ್ಕೆ ಶುದ್ಧಬರಹ ಕೊಡುವುದು, ಹೀಗೆ ಒಬ್ಬೊಬ್ಬರದೂ ಒಂದೊಂದು ಕ್ರಮ.

ಬೈಗುಳ, ಹೊಡೆತದ ಮಾತು ಬಂದರೆ ಅದನ್ನೂ ಬರೆದುಕೊಳ್ಳಿ. ಮನೆಯವರಿಗೆ ಮುಜುಗರವಾದೀತು, ಆದರೆ ಸಿಟ್ಟೇ ಬರದ ಶಿಕ್ಷಕಿಯನ್ನು ಹಳೇ ವಿದ್ಯಾರ್ಥಿಗಳು ನಂಬುವುದಿಲ್ಲ.

ತುಂಗಾತೀರ:

ಇಸವಿ ಕೇಳಬೇಡಿ. ಅರವತ್ತು ದಾಟಿದವರಿಗೆ ತಾವು ಮೂರನೇ ತರಗತಿ ಓದಿದ ಇಸವಿ ನೆನಪಿರುವುದಿಲ್ಲ, ಇದ್ದರೂ ಎರಡು ಮೂರು ವರ್ಷ ಅತ್ತಿತ್ತ. ಅದರ ಬದಲು ಆಸುಪಾಸಿನ ಘಟನೆ ಕೇಳಿ. ಟೀಚರ್ ಜನಗಣತಿಗೆ ಮನೆಮನೆ ಬಂದಿದ್ದರೇ? ಹಾಗಾದರೆ 1971, 1981, 1991 ಅಥವಾ 2001. ಮಧ್ಯಾಹ್ನದ ಊಟ ಶಾಲೆಯಲ್ಲೇ ಬೇಯುತ್ತಿತ್ತು ಎಂದರೆ ಅಕ್ಷರ ದಾಸೋಹ, ಅದು 2002ರ ನಂತರ, ನಿಮ್ಮ ಅಜ್ಜಿ ಅಷ್ಟರಲ್ಲಿ ನಿವೃತ್ತರು. ಹೇಳುತ್ತಿರುವವರು ಬೇರೆ ಶಿಕ್ಷಕಿಯ ಜೊತೆ ಕಲಸಿಕೊಂಡಿದ್ದಾರೆ ಎಂದರ್ಥ. ಗೋಧಿ ರವೆ ಉಪ್ಪಿಟ್ಟು, ಪುಡಿಯ ಹಾಲು ಎಂದರೆ ಹಳೆಯದು, ಸರಿಹೋಗುತ್ತದೆ.

ಫೋಟೊಗಳ ಹಿಂದೆ ಸ್ಟುಡಿಯೋ ಮೊಹರಿನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ್ದು. ಶಿಕ್ಷಕರ ದಿನಾಚರಣೆಯ ಫೋಟೊ 1962ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಕತ್ತಲೆ ಕೋಣೆ:

ಫೋಟೊ ವಿಷಯಕ್ಕೆ ಬರ್ತೇನೆ. ಮೊಬೈಲಿನಲ್ಲಿ ಫೋಟೊದ ಫೋಟೊ ಹೊಡೆದು ವಾಟ್ಸಾಪ್ ಮಾಡಬೇಡಿ. ಮಟ್ಟಸದ ಸ್ಕ್ಯಾನರ್ ಬೇಕು. 2.5 x 3.5 ಇಂಚಿನ ಸಣ್ಣ ಫೋಟೊವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 1500 x 2100 ಪಿಕ್ಸೆಲ್ ಸಿಗುತ್ತದೆ. ಅಚ್ಚಿಗೆ 300 ಡಿಪಿಐ ಬೇಕು, ಅಂದರೆ 5 x 7 ಇಂಚಿನವರೆಗೆ ಹಿಗ್ಗಿಸಬಹುದು. ಶಾಲೆಯ ಗುಂಪು ಫೋಟೊಗೆ 1200 ಇಡಿ. ಅದರಲ್ಲಿ ಮುಖ ಕಾಲು ಇಂಚೂ ಇರುವುದಿಲ್ಲ. ಟಿಫ್ ಕಡತವಾಗಿ ಉಳಿಸಿ, ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ.

ಚೌಕಟ್ಟಿನ ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಕೀಳಬೇಡಿ, ಚಿತ್ರ ಮೂಡಿರುವ ಮಸಾಲೆ ಪದರ ಗಾಜಿನ ಮೇಲೇ ಉಳಿದು ಮುಖ ಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಅಂಟು ಹಾಳೆಯ ಆಲ್ಬಮ್ಮಿನಿಂದ ತೆಗೆಯಲು ಹಲ್ಲಿನ ಸಂದು ತೆಗೆಯುವ ದಾರ ತೆಗೆದುಕೊಂಡು ಫೋಟೊದ ಹಿಂದೆ ಮೆಲ್ಲಗೆ ಎಳೆಯುತ್ತ ಹೋಗಿ. ಹೇರ್ ಡ್ರೈಯರ್ ಬೇಡ.

ಹೆಸರು ಗುರುತಿಸುವ ಕೆಲಸಕ್ಕೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ತಲೆಗೂ ಒಂದು ಸಂಖ್ಯೆ ಕೊಟ್ಟು, ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಇಬ್ಬರೂ ಒಪ್ಪಿದ ಹೆಸರು ಮಾತ್ರ ಅಚ್ಚಾಗಲಿ. ನೆಗೆಟಿವ್‌ನಿಂದ ತೆಗೆದದ್ದಾದರೆ ಎಡಬಲ ತಿರುವಿರಬಹುದು. ಸೆರಗು ನೋಡಿ ತೀರ್ಮಾನಿಸಬೇಡಿ, ನಿಮ್ಮ ಕಡೆ ಬಲ ಹೆಗಲ ಸೆರಗಿನವರೂ ಇದ್ದಾರೆ. ಗೋಡೆಯ ಬರಹ, ಗಂಡಸರ ಅಂಗಿಯ ಗುಂಡಿ ನೋಡಿ.

ಹಾವೇರಿ ಮೊಮ್ಮಗಳು:

ಅಡುಗೆಯ ವಹಿಯನ್ನು ಹಾಗೇ ಅಚ್ಚು ಹಾಕಬಹುದೇ? ‘ಕೊತ್ತಂಬರಿ 2 ವಾಟಿ, ಮೆಣಸಿನಕಾಯಿ 20, ಮೆಂತ್ಯ ಸ್ವಲ್ಪ’ ಎಂಬಂತಿದೆ.

ಪಾವು ಚಟಾಕು:

ಕೈಬರಹದ ಒಂದೆರಡು ಪುಟ ಚಿತ್ರವಾಗಿ ಹಾಕಿ, ಚೆನ್ನಾಗಿರುತ್ತೆ. ಆದ್ರೆ ಅದರ ಪಕ್ಕದಲ್ಲಿ ಅಳತೆ ಬಿಡಿಸಿ ಬರೆಯಲೇಬೇಕು. ‘ವಾಟಿ’ ಅಂದ್ರೆ ಅವರ ಡಬ್ಬದೊಳಗಿದ್ದ ಆ ಒಂದು ವಾಟಿ. ಅದಿನ್ನೂ ಮನೇಲಿದ್ರೆ ತುಂಬ ನೀರು ಹಾಕಿ ತೂಕ ಮಾಡಿ, ಗ್ರಾಂ ಎಷ್ಟೋ ಮಿಲಿ ಅಷ್ಟು. ಆಮೇಲೆ ಅದೇ ವಾಟಿಯಲ್ಲಿ ಕೊತ್ತಂಬರಿ ಬೀಜ ಅಳೆದು ತೂಗಿ, ಗ್ರಾಂನಲ್ಲಿ ಬರೀರಿ. ಮೆಣಸಿನಕಾಯಿ 20 ಅಂದ್ರೆ ಯಾವುದು? ಹಾವೇರಿಯವರು ಹೆಸರು ಬರೆದಿಲ್ಲ ಅಂದ್ರೆ ಬ್ಯಾಡಗಿನೇ ಇರಬೇಕು, ಮನೆಯಲ್ಲಿ ಕೇಳಿ ಖಚಿತ ಮಾಡ್ಕೊಳ್ಳಿ. ಅದೇ ಪುಸ್ತಿಕೆ ನೋಡ್ಕೊಂಡು ಬೆಂಗಳೂರಲ್ಲಿ ಯಾರಾದ್ರೂ ಗುಂಟೂರು 20 ಹಾಕಿದ್ರೆ ಬಾಯಿಗಿಡೋಕಾಗಲ್ಲ. ಮೆಂತ್ಯ ಹೆಚ್ಚಾದ್ರೂ, ಕಪ್ಪಗೆ ಹುರಿದ್ರೂ ಪುಡಿ ಕಹಿ. ‘ಸ್ವಲ್ಪ’ ಅಂದ್ರೆ ಎಷ್ಟು ಅಂತ ಅವರ ಜೊತೆ ಒಲೆ ಮುಂದೆ ನಿಂತಿದ್ದ ಮಗಳೋ ಸೊಸೆಯೋ ಕೈಯಲ್ಲಿ ತೋರಿಸಲಿ, ಅದನ್ನ ತೂಗಿ. ಮಾಡಿ ನೋಡದ ಅಡುಗೆ ಅಚ್ಚು ಹಾಕಬೇಡಿ. ನಾಲ್ಕೈದು ಸಾಕು.

ಹಾಡಿನ ವಹಿ ಬಗ್ಗೆ: ಯಾವ ಹಾಡು ಯಾವ ಸಂದರ್ಭದ್ದು, ಹಸೆಗೋ ಆರತಿಗೋ ತೊಟ್ಟಿಲಿಗೋ, ಅದನ್ನ ಈಗಲೇ ಹಿರಿಯರಿಂದ ಗುರುತು ಹಾಕಿಸಿ. ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತೆ, ಧಾಟಿ ಸಿಗಲ್ಲ.

ತುಂಗಾತೀರ:

ಧ್ವನಿ ಬಗ್ಗೆ: ವಾಟ್ಸಾಪ್ ಧ್ವನಿ ‘ಓಪಸ್’ ಕಡತವಾಗಿ ಫೋನಿನ ಒಳಗಿರುತ್ತದೆ. ಜಾಗ ಸಾಲದೆಂದು ಯಾರಾದರೂ ಅಳಿಸುವ ಮೊದಲು ‘ಮೀಡಿಯಾ ಸಹಿತ’ ಚಾಟ್ ಎಕ್ಸ್‌ಪೋರ್ಟ್ ಮಾಡಿಸಿ. ತುಂಬ ಹಳೆಯ ಚಾಟ್ ಆದರೆ ಎಕ್ಸ್‌ಪೋರ್ಟಿನಲ್ಲಿ ಎಲ್ಲವೂ ಬರುವುದಿಲ್ಲ, ವಾಯ್ಸ್ ನೋಟ್ಸ್ ಫೋಲ್ಡರನ್ನೇ ಕಂಪ್ಯೂಟರಿಗೆ ನಕಲು ಮಾಡಿ. ಪುಸ್ತಿಕೆಯಲ್ಲಿ ಕ್ಯೂಆರ್ ಕೋಡ್ ಹಾಕುವುದಾದರೆ ಒಬ್ಬರ ಗೂಗಲ್ ಡ್ರೈವಿಗೆ ಕೊಂಡಿ ಕೊಡಬೇಡಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್‌ನವರು ಅಳಿಸಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿ.

ಅಚ್ಚಿನ ಮೊಳೆ:

ಮುದ್ರಣದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸ್ವಲ್ಪ ಉದ್ದ ಆಗುತ್ತೆ. ಆಕಾರ 1/8 ಡೆಮಿ, ಅಂದರೆ 5.5 x 8.5 ಇಂಚು. ಒಳಗೆ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮ್ಯಾಪ್‌ಲಿಥೋ, ಅಂದರೆ ಪುಸ್ತಕದ ಸಾದಾ ಬಿಳಿ ಕಾಗದ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್. 64 ಪುಟ ಒಳ್ಳೆಯ ಸಂಖ್ಯೆ, 16 ಪುಟದ ನಾಲ್ಕು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ). 66 ಪುಟ ಆಯಿತು ಎಂದು ಕೊನೇ ಗಳಿಗೆಯಲ್ಲಿ ಬಂದು ನಿಲ್ಲಬೇಡಿ, ಪಿನ್ ಹೊಡೆಯುವುದಾದರೆ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು. 64 ಪುಟ ಎಂದರೆ 32 ಹಾಳೆ, ಬೆನ್ನು 3 ಮಿಲಿಮೀಟರ್ ಸುಮಾರು. ಅಂಟು ಬೈಂಡಿಂಗಿಗೆ ಅದು ತೆಳುವಾಯಿತು, ಬೆನ್ನ ಮೇಲೆ ಹೆಸರೂ ಕೂರುವುದಿಲ್ಲ, ಹಾಳೆ ಉದುರುತ್ತದೆ. ನಡುವೆ ಎರಡು ಪಿನ್ ಹೊಡೆಸಿ. ಪಿನ್ ಹೊಡೆದಾಗ ಒಳಗಿನ ಹಾಳೆ ಹೊರಚಾಚಿಕೊಂಡು ಅಂಚು ಕತ್ತರಿಸುವಾಗ ಹೆಚ್ಚು ಹೋಗುತ್ತದೆ, ಆದ್ದರಿಂದ ಪುಟಸಂಖ್ಯೆ ಅಂಚಿನಿಂದ 10 ಮಿಲಿಮೀಟರ್ ಒಳಗಿರಲಿ.

300 ಪ್ರತಿ ಆಫ್‌ಸೆಟ್ (ಪ್ಲೇಟ್ ಮಾಡಿ ಹಾಕುವ ಅಚ್ಚು) ಮತ್ತು ಡಿಜಿಟಲ್‌ನ (ಪ್ಲೇಟ್ ಇಲ್ಲದೆ ಕಂಪ್ಯೂಟರಿನಿಂದ ನೇರ ಅಚ್ಚು) ಗಡಿಯಲ್ಲಿದೆ. ಎರಡಕ್ಕೂ ದರ ಕೇಳಿ. ಫೋಟೊ ಎಲ್ಲವನ್ನೂ ಚದುರಿಸದೆ ನಡುವಿನ 8 ಪುಟಗಳಿಗೆ 130 ಜಿಎಸ್‌ಎಂ ಆರ್ಟ್ ಕಾಗದ ಹಾಕಿದರೆ ಕಣ್ಣಿಗೂ ಚಂದ, ಖರ್ಚೂ ಹಿಡಿತದಲ್ಲಿ. ಮ್ಯಾಪ್‌ಲಿಥೋ ಮೇಲೆ ಮಸಿ ಹರಡಿಕೊಂಡು ಹಳೇ ಫೋಟೊ ಇನ್ನೂ ಕಪ್ಪಾಗುತ್ತದೆ. ಅಲ್ಲಿಯೇ ಹಾಕಬೇಕಾದರೆ ಪರದೆಯ ಮೇಲೆ ಕಾಣುವುದಕ್ಕಿಂತ ಒಂದಿಷ್ಟು ತಿಳಿ ಮಾಡಿ ಕೊಡಿ.

ಹೆಚ್ಚು ಪೆಟ್ಟು ಬೀಳುವುದು ಅಕ್ಷರಕ್ಕೆ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡುತ್ತೀರಿ, ಪುಟ ಕಟ್ಟುವ ಡಿಟಿಪಿಯವರು ಅದನ್ನು ನುಡಿ, ಶ್ರೀಲಿಪಿಯಂಥ ಹಳೇ ಅಕ್ಷರ ತಂತ್ರಾಂಶಕ್ಕೆ ಪರಿವರ್ತಿಸಿ ಪೇಜ್‌ಮೇಕರ್‌ಗೆ ಹಾಕುತ್ತಾರೆ. ಅಲ್ಲಿ ‘ಬ್ಯಾಂಕ್‌ನಲ್ಲಿ’ ಎಂಬುದು ‘ಬ್ಯಾಂಕ್ನಲ್ಲಿ’ ಆಗುತ್ತದೆ, ‘ರ‍್ಯಾಂಕ್’ ಕೆಡುತ್ತದೆ, ಉದ್ಧರಣ ಚಿಹ್ನೆ ಇನ್ನೇನೋ ಅಕ್ಷರವಾಗಿ ಕೂರುತ್ತದೆ. ಪರಿವರ್ತನೆಗೆ ಮುಂಚೆ ಕರಡು ತಿದ್ದಿದ್ದು ಲೆಕ್ಕಕ್ಕಿಲ್ಲ, ಪುಟ ಕಟ್ಟಿದ ಮೇಲೆ ಕಾಗದದ ಮೇಲೆ ಪೂರ್ತಿ ಓದಬೇಕು. ಇನ್‌ಡಿಸೈನ್‌ನಲ್ಲಿ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕರೆ ಆ ತಲೆನೋವಿಲ್ಲ. ಓದುವವರಲ್ಲಿ ಅರ್ಧ ಜನ ಅಜ್ಜಿಯ ವಾರಗೆಯವರು, ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ.

ಪಿಂಚಣಿ ಪುಸ್ತಕ, ಆಧಾರ್ ಇವುಗಳ ಚಿತ್ರ ಹಾಕುವ ಉತ್ಸಾಹ ಬಂದರೆ ಸಂಖ್ಯೆಗಳನ್ನು ಮುಚ್ಚಿ.

ಗದಗಿನ ಓದುಗ:

ಪುಸ್ತಿಕೆ ಜೋಡಿ ಶಾಲೆಗೊಂದು ದತ್ತಿ ಇಡ್ರಿ. ಏಳನೇತ್ತ ಮುಗಿಸೋ ಹುಡುಗಿಗೆ ವರ್ಷಾ ಒಂದು ಬಹುಮಾನ, ಅಕ್ಕೋರ ಹೆಸರು ಉಳೀತದ.

ಹಾಜರಿ ಪುಸ್ತಕ:

ಇಡುವುದಾದರೆ ಕಣ್ಣು ತೆರೆದು ಇಡಿ. 12% ಬಡ್ಡಿ ಇದ್ದಾಗ 5,000 ರೂಪಾಯಿಗೆ ವರ್ಷಕ್ಕೆ 600 ಬರುತ್ತಿತ್ತು, 6.5%ಗೆ 325. ಅದೇ ದರಕ್ಕೆ 25,000 ಇಟ್ಟರೂ 1,625. ಹಣಕ್ಕಿಂತ ದೊಡ್ಡ ತೊಂದರೆ ರಸೀದಿಯದ್ದು. ಮುಖ್ಯೋಪಾಧ್ಯಾಯರ ಸ್ವಂತ ಹೆಸರಿನಲ್ಲಿ ಠೇವಣಿ ಮಾಡಿದರೆ ಅವರು ವರ್ಗವಾದ ದಿನದಿಂದ ಅದಕ್ಕೆ ದಿಕ್ಕಿಲ್ಲ. ವಾಯಿದೆ ಮುಗಿದು ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವು ಮಾಡಿಸಿ, ಶಾಲೆಯ ಹೆಸರಿನಲ್ಲಿ ಠೇವಣಿ, ತಾನಾಗಿ ನವೀಕರಣ, ಬಡ್ಡಿ ಮುಖ್ಯೋಪಾಧ್ಯಾಯರು ಮತ್ತು ಸಮಿತಿ ಅಧ್ಯಕ್ಷರ ಜಂಟಿ ಖಾತೆಗೆ. ರಸೀದಿಯ ಒಂದು ಪ್ರತಿ ಮನೆಯಲ್ಲಿ. ಶಾಲೆ ವಿಲೀನವಾದರೆ ಹಣ ಯಾವ ಶಾಲೆಗೆ ಎಂಬುದನ್ನೂ ಠರಾವಿನಲ್ಲೇ ಬರೆಸಿ.

ಸುಣ್ಣದ ಕಡ್ಡಿ:

ನನ್ನ ಮತ ದತ್ತಿಗಿಲ್ಲ. ಬಹುಮಾನ ಯಾವಾಗಲೂ ಮೊದಲ ಬೆಂಚಿನವರಿಗೇ ಹೋಗುತ್ತದೆ. ಅದೇ 25,000ಕ್ಕೆ ಮಕ್ಕಳ ಕನ್ನಡ ಪುಸ್ತಕ ಮತ್ತು ಬೀಗವಿಲ್ಲದ ಒಂದು ತೆರೆದ ಕಪಾಟು ಕೊಡಿ. ಬೀಗವಿರುವ ಗಾಡ್ರೆಜ್ ಬೀರು ಕೊಟ್ಟರೆ ಪುಸ್ತಕ ದಾಸ್ತಾನು ವಹಿಗೆ ಹತ್ತಿ ಒಳಗೇ ಕೂರುತ್ತದೆ.

ಗದಗಿನ ಓದುಗ:

ಬೀಗ ಇಲ್ಲಂದ್ರ ಪುಸ್ತಕ ಮನಿಗೆ ಹೋಗ್ತಾವಲ್ರಿ.

ಸುಣ್ಣದ ಕಡ್ಡಿ:

ಹೋಗಲಿ. ಮಕ್ಕಳ ಮನೆಗೇ ಹೋಗುವುದಲ್ಲವೇ?

ಹಾವೇರಿ ಮೊಮ್ಮಗಳು:

ಎಲ್ಲರಿಗೂ ಧನ್ಯವಾದ. ಮಾಹಿತಿ ಹಕ್ಕಿನ ಅರ್ಜಿ ಅಮ್ಮನ ಹೆಸರಿನಲ್ಲಿ ಹಾಕುತ್ತೇವೆ. ಕೊನೆಯ ಪ್ರಶ್ನೆ: ಹಂಚಿಕೆಗೆ 300 ಸಾಕೇ? ಅಚ್ಚಾದ ಮೇಲೆ ತಪ್ಪು ಕಂಡರೆ?

ಅಚ್ಚಿನ ಮೊಳೆ:

ಪಟ್ಟಿ ಬರೆದು ನೋಡಿ: ಬಂಧುಗಳ ಮನೆಗೆ ಒಂದೊಂದು, ಮಾತಾಡಿದ ಪ್ರತಿ ಹಳೇ ವಿದ್ಯಾರ್ಥಿಗೆ ಎರಡು, ಅಜ್ಜಿ ಕೆಲಸ ಮಾಡಿದ ಪ್ರತಿ ಶಾಲೆಗೆ ಮತ್ತು ಆ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಎರಡೆರಡು. ಅದರ ಮೇಲೆ 40 ಹೆಚ್ಚು ಹಾಕಿಸಿ. ಆಫ್‌ಸೆಟ್ ಆದರೆ ಯಂತ್ರ ಓಡುವಾಗ ಆ 40ಕ್ಕೆ ಬೀಳುವುದು ಕಾಗದದ ಖರ್ಚು ಮಾತ್ರ, ಆಮೇಲೆ ಬಂದು ಕೇಳಿದರೆ ಯಂತ್ರ ಮತ್ತೆ ಮೊದಲಿಂದ ಹೂಡಬೇಕು. ತಪ್ಪುಗಳಿಗೆ ಅಂಗೈಯಗಲದ ತಿದ್ದುಪಡಿ ಚೀಟಿ ಒಳಗಿಡಿ, ಪಿಡಿಎಫ್‌ನಲ್ಲಿ ನೇರ ತಿದ್ದಿ. ಹೊದಿಕೆಯ ಹೆಸರು, ಇಸವಿ ಮಾತ್ರ ಮೂರು ಜನ ಬೇರೆ ಬೇರೆಯಾಗಿ ನೋಡಿ ಸಹಿ ಹಾಕಿದ ಮೇಲೆ ಪ್ಲೇಟ್ ಮಾಡಿಸಿ, ಅಲ್ಲಿ ಚೀಟಿ ಅಂಟಿಸಲು ಆಗುವುದಿಲ್ಲ.